ಸಹಾಯ ಬೇಕು: ಬಳ್ಳಾರಿ ಟೇಕ್ವಾಂಡೋ ಸ್ಪರ್ಧೆಗೆ ಮಗಳನ್ನ ಕಳಿಸಬೇಕೋ ಬೇಡವೋ?

ಎಲ್ಲರಿಗೂ ನಮಸ್ಕಾರ್ರಿ. ನಾವು ಸಿಂಧನೂರಿನವರು. ಮಗಳಿಗೆ 13 ವರ್ಷ, ಟೇಕ್ವಾಂಡೋ ಕಲಿಯೋಕೆ ಶುರು ಮಾಡಿ 3 ವರ್ಷ ಆಯ್ತು. ಮುಂದಿನ ತಿಂಗಳು ಬಳ್ಳಾರಿಯಲ್ಲಿ ಖಾಸಗಿ ಕಂಪನಿಯೊಂದು ಮಾರ್ಷಲ್ ಆರ್ಟ್ಸ್, ಫಿಟ್‌ನೆಸ್ ಎರಡೂ ಸೇರಿಸಿ ಸ್ಪರ್ಧೆ ಇಟ್ಟಿದೆ. ಹೋಗೇ ಹೋಗ್ತೀನಿ ಅಂತ ಹಟ ಹಿಡಿದಾಳೆ.

ನನ್ನ ಭಯಕ್ಕೆ ಕಾರಣ ಹೋದ ವರ್ಷದ್ದು. ಬೇರೆ ಊರಲ್ಲಿ ಇಂಥದ್ದೇ ಸ್ಪರ್ಧೆ. ಕಿರಾಣಿ ಅಂಗಡಿ ತಕ್ಕಡಿ ಮೇಲೆ ತೂಕ ನೋಡಿದ್ರು, 36 ಕೆಜಿ ಇರೋ ನನ್ನ ಮಗಳ ಎದುರು 45 ಕೆಜಿ ಹುಡುಗೀನ ನಿಲ್ಲಿಸಿದ್ರು. ಒದೆ ಸೀದಾ ಬಾಯಿಗೆ ಬಿತ್ತು, ತುಟಿ ಒಡೀತು. ಡಾಕ್ಟರ್ ಒಬ್ಬರೂ ಇರಲಿಲ್ಲ. ಕಬ್ಬಿನ ಹಾಲಿನ ಗಾಡಿಯಿಂದ ಐಸ್ ನಾನೇ ಓಡಿಹೋಗಿ ತಂದೆ. ಕ್ಯಾಡೆಟ್ (12ರಿಂದ 14 ವರ್ಷದ) ಹೆಣ್ಣುಮಕ್ಕಳಿಗೆ 37 ಕೆಜಿ ಒಳಗೆ, 41 ಕೆಜಿ ಒಳಗೆ ಅಂತ ವಿಭಾಗ ಮಾಡಿರೋದು ಯಾಕೆ ಮತ್ತೆ? ಎದೆಗೆ ಕಟ್ಟೋ ಗಾರ್ಡ್ ಮೇಲೆ ಒದ್ದರೆ 2 ಅಂಕ, ತಲೆಗೆ 3. ಮಕ್ಕಳು ತಲೆಗೇ ಗುರಿ ಇಡ್ತಾರೆ.

ಇಂಥ ಸ್ಪರ್ಧೆಗೆ ಮಕ್ಕಳನ್ನ ಕಳಿಸಿದವರು ದಯವಿಟ್ಟು ಹೇಳ್ರಿ, ಹಣ ಕಟ್ಟೋ ಮೊದಲು ಆಯೋಜಕರಿಂದ ಏನೇನು ಬರೆಸಿಕೊಳ್ಳಬೇಕು? ಅವರ ಸರ್ಟಿಫಿಕೇಟ್ ಮುಂದೆ ಕ್ರೀಡಾ ಕೋಟಾಕ್ಕೆ ನಡೆಯುತ್ತಾ? ಇನ್ನೊಂದು, ಅವಳ ಹೆಡ್‌ಗಾರ್ಡ್ ಬಿಗಿ ಆಗ್ತಿದೆ. ಮುಖಕ್ಕೆ ಶೀಲ್ಡ್ ಇರೋದು ಯಾರ ಹತ್ರಾದ್ರೂ ಇದ್ರೆ ಬಾಡಿಗೆಗೆ ಕೊಡ್ರಿ. ಹೆಸರು ಕೊಡೋಕೆ ಶನಿವಾರ ಕೊನೇ ದಿನ.