ಶಾಖನಿರೋಧಕ: ಶಾಖವನ್ನು ತಡೆಯುವುದೋ, ತಾಳುವುದೋ?

ಗೆಳೆಯರೇ,

ನಿನ್ನೆ ನಾನು ಕೇಳಿದ್ದು ಒಂದೇ ಪದ: ಬಿಸಿಯನ್ನು ದಾಟಗೊಡದ ಸ್ಪೇಸರ್‌ಗೆ ಕನ್ನಡದಲ್ಲಿ ಏನೆನ್ನೋಣ? ಕಾರಿನ ಎಂಜಿನ್‌ನಲ್ಲಿ ಸಿಲಿಂಡರ್ ಹೆಡ್ಡಿಗೂ ಗಾಳಿ ತರುವ ಇನ್‌ಟೇಕ್ ಮ್ಯಾನಿಫೋಲ್ಡಿಗೂ ನಡುವೆ ಕೂರಿಸಿ, ಎಂಜಿನ್ನಿನ ಬಿಸಿ ಅತ್ತ ದಾಟದಂತೆ ಎರಡನ್ನೂ ಬೇರೆಯಾಗಿಡುವ ತುಂಡಿನ, ಅಂದರೆ ಸ್ಪೇಸರ್‌ನ, ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು. ಬಂದ ಉತ್ತರಗಳಲ್ಲಿ ಹೆಚ್ಚಿನವು ‘ಶಾಖನಿರೋಧಕ ಅಂತರಕ’ ಎನ್ನುತ್ತವೆ. ಅದನ್ನು ನಾನು ಬಳಸುವುದಿಲ್ಲ. ಸಂಸ್ಕೃತದ ಮೇಲೆ ನನಗೆ ಮುನಿಸಿಲ್ಲ, ತೊಡಕಿರುವುದು ಅರ್ಥದಲ್ಲಿ.

‘ಜಲನಿರೋಧಕ’ ನೀರನ್ನು ಒಳಗೆ ಬಿಡುವುದಿಲ್ಲ. ‘ಬರ ನಿರೋಧಕ ತಳಿ’ ಬರವನ್ನು ತಡೆಯುವುದಿಲ್ಲ, ತಾಳಿಕೊಳ್ಳುತ್ತದೆ. ‘ಭೂಕಂಪ ನಿರೋಧಕ ಕಟ್ಟಡ’ವೂ ಹಾಗೆಯೇ. ಹಾಗಾದರೆ ‘ಶಾಖನಿರೋಧಕ’ ಇವೆರಡರಲ್ಲಿ ಯಾವ ಸಾಲಿಗೆ ಸೇರುತ್ತದೆ? ಈ ಕೈಪಿಡಿಯಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲದೆ ಒಂದು ಪುಟವೂ ಮುಂದೆ ಸಾಗದು. ಅಲ್ಯೂಮಿನಿಯಂ ಎಂಜಿನ್ನಿನ ಬಿಸಿಯನ್ನು ಸಲೀಸಾಗಿ ತಾಳುತ್ತದೆ, ಆದರೆ ಅಷ್ಟನ್ನೂ ಮ್ಯಾನಿಫೋಲ್ಡಿಗೆ ದಾಟಿಸಿಬಿಡುತ್ತದೆ. ಅದರ ಉಷ್ಣವಾಹಕತೆ, ಅಂದರೆ ಬಿಸಿಯನ್ನು ಹಾಯಿಸುವ ಅಳತೆ, ಮೀಟರ್-ಕೆಲ್ವಿನ್‌ಗೆ 100 ವ್ಯಾಟ್‌ಗೂ ಮೇಲೆ. ನನ್ನ ಮೇಜಿನ ಮೇಲಿರುವ, ಸ್ಪೇಸರ್‌ಗೆ ಒಗ್ಗುವ ಫೀನಾಲಿಕ್ ಹಲಗೆಯದು ಸುಮಾರು 0.2ರಿಂದ 0.3. ಕಂದು ಬಣ್ಣದ ತುಂಡು. ಕೊಯ್ದ ಅಂಚಿನಲ್ಲಿ ಬಟ್ಟೆಯ ನೇಯ್ಗೆ ಪದರ ಪದರವಾಗಿ ಕಾಣುತ್ತದೆ, ರಾಳ ಅದನ್ನೆಲ್ಲ ಬಿಗಿಯಾಗಿ ಹಿಡಿದಿದೆ. ಟೆಫ್ಲಾನ್ ಕೂಡ ಅಷ್ಟೇ ಚೆನ್ನಾಗಿ ತಡೆಯುತ್ತದೆ, 260 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಆದರೂ ಇಲ್ಲಿಗೆ ಸಲ್ಲದು: ಬೋಲ್ಟಿನ ಬಿಗಿತಕ್ಕೆ ಮೆಲ್ಲಮೆಲ್ಲನೆ ಹಿಂಡಿ ಹೊರಸರಿಯುತ್ತದೆ, ಬೋಲ್ಟು ಸಡಿಲವಾಗುತ್ತದೆ, ಸಂದಿಯಿಂದ ಗಾಳಿ ಒಳನುಗ್ಗುತ್ತದೆ. ತಡೆಯುವುದು, ತಾಳುವುದು, ಒತ್ತಿಗೆ ಜಗ್ಗದಿರುವುದು ಮೂರೂ ಬೇರೆ ಬೇರೆ ಗುಣಗಳು. ಕೋಷ್ಟಕದಲ್ಲಿ ಮೂರಕ್ಕೂ ‘ನಿರೋಧ’ ಎಂದು ಬರೆದರೆ ಓದಿದವನು ಅಲ್ಯೂಮಿನಿಯಂ ತುಂಡನ್ನೇ ಕೊಂಡು ಕೂರಿಸುತ್ತಾನೆ.

‘ಅವಾಹಕ’ (ಬಿಸಿಯನ್ನು ಹಾಯಿಸದ್ದು) ಎಂದವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಅದು ವಸ್ತುವಿನ ಗುಣವನ್ನು ಹೇಳುತ್ತದೆ, ನನಗೆ ಬೇಕಿರುವುದು ಬಿಡಿಭಾಗದ ಕೆಲಸ.

ನಾನು ಆರಿಸಿಕೊಂಡಿರುವುದು ‘ಕಾವುತಡೆ’. ‘ನೋವು ತಡೆಯಲಾರೆ’ ಎಂಬಲ್ಲಿ ತಡೆಯುವುದೆಂದರೆ ತಾಳುವುದೇ ಅಲ್ಲವೇ ಎಂದು ಒಬ್ಬರು ಕೇಳಿದ್ದಾರೆ. ಸರಿಯಾದ ಪ್ರಶ್ನೆ. ಕ್ರಿಯಾಪದದಲ್ಲಿ ಆ ಇಬ್ಬಂದಿ ಇದ್ದೇ ಇದೆ. ಅದಕ್ಕೇ ‘ಕಾವು ತಡೆಯುವ’ ಎಂದು ಎಲ್ಲಿಯೂ ಬರೆದಿಲ್ಲ. ನಾಮಪದವಾದಾಗ ‘ತಡೆ’ಗೆ ಅಡ್ಡಿ ಎಂಬ ಅರ್ಥವೇ ಗಟ್ಟಿ: ತಡೆಗೋಡೆ, ತಡೆಯಾಜ್ಞೆ. ತಾಳುವ ಗುಣಕ್ಕೆ ‘ಕಾವುತಾಳಿಕೆ’ ಎಂದು ಬರೆದಿದ್ದೇನೆ.

‘ಶಾಖತಡೆ’ ಎಂದೂ ಹೇಳಬಹುದಿತ್ತು. ಅದು ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಹಾಕಿದ ಒಪ್ಪದ ಜೋಡಿ, ಎಂಬ ತಕರಾರಿಗೆ ನಾನು ಕಿವಿಗೊಡುವುದಿಲ್ಲ. ‘ಮಳೆಮಾಪಕ’ವನ್ನು ಮಕ್ಕಳಿಗೆ ಕಲಿಸುವ ನಾವು ಆ ನಿಯಮವನ್ನು ಎಂದೋ ದಾಟಿದ್ದೇವೆ. ಕಾವು ನನಗೆ ಹಿಡಿಸಿದ್ದು ಬೇರೆ ಕಾರಣಕ್ಕೆ. ಸಾಯ್‌ನಿಂದ ಸಾವು, ನೋಯ್‌ನಿಂದ ನೋವು, ಕಾಯ್‌ನಿಂದ ಕಾವು. ಕೋಳಿ ಮೊಟ್ಟೆಗೆ ಕೊಡುವುದು ಕಾವು. ಒಂದರ ಮೈಯಿಂದ ಇನ್ನೊಂದರ ಮೈಗೆ ತಾಗಿ ಇಳಿಯುವ ಬಿಸಿ ಅದು. ಲೋಹದಿಂದ ಲೋಹಕ್ಕೆ ಇಳಿಯುವುದೂ ಅದೇ.

ಇನ್ನು ‘ಅಂತರಕ’. ಬೇಡ. ಬೆಣೆ ಎನ್ನೋಣವೆಂದರೆ ಅದರ ತುದಿ ಚೂಪು, ಬಿಲ್ಲೆ ಎಂದರೆ ದುಂಡು. ಸ್ಪೇಸರ್ ಸ್ಪೇಸರ್ ಆಗಿಯೇ ಇರಲಿ. ಮ್ಯಾನಿಫೋಲ್ಡ್, ಗ್ಯಾಸ್ಕೆಟ್, ಬೋಲ್ಟ್ ಮೂರನ್ನೂ ಒಪ್ಪಿದವರು ನಾಲ್ಕನೆಯ ಎರವಲಿಗೆ ಮಾತ್ರ ಬಾಗಿಲು ಹಾಕುವುದು ನ್ಯಾಯವಲ್ಲ. ಎರವಲು ಪದ ಓದುಗನನ್ನು ದಾರಿ ತಪ್ಪಿಸದು. ಹೊಸದಾಗಿ ಟಂಕಿಸಿದ ಮಸುಕು ಪದ ತಪ್ಪಿಸುತ್ತದೆ. ಇದರ ಮೇಲೆ ಜಗಳವಾಡುವವರು ದಯವಿಟ್ಟು ಬೇರೆ ಎಳೆ ತೆರೆಯಿರಿ.

ನನಗೆ ಇನ್ನೂ ಸಿಗದಿರುವುದು ಒಂದು: ಟೆಫ್ಲಾನ್ ಹಾಗೆ ಒತ್ತಿಗೆ ದಿನಗಳೆದಂತೆ ನಸುನಸುವೇ ಸರಿಯುವ ಗುಣಕ್ಕೆ ಹೆಸರು. ಸದ್ಯಕ್ಕೆ ‘ಒತ್ತುಸರಿತ’ ಎಂದು ಬರೆದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ತೋಚಿದರೆ ಇಂದು ರಾತ್ರಿಯೊಳಗೆ ತಿಳಿಸಿ.