ಪೊಲೀಸ್ ಬಲಪ್ರಯೋಗದ ಲೆಕ್ಕ ಎಲ್ಲಿ ಸಿಗುತ್ತದೆ? ವಕೀಲರನ್ನು ಕೇಳಿ

ಪ್ರಶ್ನೆ (ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ): ನಮಸ್ಕಾರ್ರಿ ಸರ್. ಎಂ.ಎ. ಪ್ರಾಜೆಕ್ಟಿಗೆ ಧಾರವಾಡ, ಗದಗ, ಹಾವೇರಿ ಜಿಲ್ಲಾದಾಗ ಹತ್ತು ವರ್ಷದಿಂದ ಪೊಲೀಸರು ಲಾಠಿ ಬೀಸಿದ್ದು, ಗುಂಡು ಹಾರಿಸಿದ್ದು, ಠಾಣೆದಾಗ ಹೊಡೆದದ್ದು ಎಲ್ಲಾ ಕೂಡಿಸಬೇಕಂತ ಮಾಡೇನ್ರಿ. ಅಮೆರಿಕದಾಗ ಇದಕ್ಕಂತ ನಕಾಶೆ ಸಹಿತ ವೆಬ್‌ಸೈಟ್ ಅದಾವು. ನಮ್ಮ ಕಡೆ ಅಂಥಾದ್ದು ಏನರ ಐತೇನ್ರಿ?

ಉತ್ತರ (ವಕೀಲರು, ಹೈಕೋರ್ಟ್ ಪೀಠ, ಧಾರವಾಡ): ಠಾಣೆವಾರು, ಘಟನೆವಾರು ತೆರೆದು ನೋಡುವಂಥ ಸರ್ಕಾರಿ ಪಟ್ಟಿ ನಮ್ಮಲ್ಲಿ ಇಲ್ಲ ತಂಗಿ. ಅಮೆರಿಕದಲ್ಲೂ ಅದನ್ನು ಮೊದಲು ಮಾಡಿದ್ದು ಸರ್ಕಾರವಲ್ಲ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2015ರಿಂದ ಪೊಲೀಸ್ ಗುಂಡಿಗೆ ಸತ್ತವರನ್ನು ಒಬ್ಬೊಬ್ಬರಾಗಿ ದಾಖಲಿಸಿದಾಗ, ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಲೆಕ್ಕದಲ್ಲಿ ಅರ್ಧಕ್ಕೂ ಹೆಚ್ಚು ಸಾವುಗಳು ಬಿಟ್ಟುಹೋಗಿದ್ದವು ಎಂದು ಗೊತ್ತಾಯಿತು. ಎಫ್‌ಬಿಐ 2019ರಲ್ಲಿ ಬಲಪ್ರಯೋಗದ ಮಾಹಿತಿ ಸಂಗ್ರಹ ಆರಂಭಿಸಿತು, ಆದರೆ ಅಲ್ಲಿನ ಪೊಲೀಸ್ ಇಲಾಖೆಗಳು ಮಾಹಿತಿ ಕೊಡುವುದು ಕಡ್ಡಾಯವಲ್ಲ.

ನಮ್ಮಲ್ಲಿ ನೋಡಬೇಕಾದ್ದು ಎರಡು. ಒಂದು, ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾರ್ಷಿಕ ವರದಿ. ತಡವಾಗಿ ಬರುತ್ತದೆ, 2023ರ ವರದಿ ಹೊರಬಿದ್ದದ್ದು 2025ರ ಸೆಪ್ಟೆಂಬರ್ ಕೊನೆಗೆ. ಇನ್ನೊಂದು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ. ಕಸ್ಟಡಿಯಲ್ಲಿ ಯಾರು ಸತ್ತರೂ 24 ಗಂಟೆಯೊಳಗೆ ತನಗೆ ತಿಳಿಸಬೇಕು ಎಂದು ಆಯೋಗ 1993ರಲ್ಲೇ ಸೂಚಿಸಿದೆ. ಆ ಅಂಕಿಗಳು ಸಂಸತ್ತಿನ ಪ್ರಶ್ನೋತ್ತರಗಳಲ್ಲಿ ರಾಜ್ಯವಾರು ಸಿಗುತ್ತವೆ. ಇವೆರಡನ್ನೂ ಒಂದೇ ಕೋಷ್ಟಕಕ್ಕೆ ಹಾಕಬೇಡಿ. ಪೊಲೀಸ್ ಕಸ್ಟಡಿ ಸಾವು ಬ್ಯೂರೋ ಪ್ರಕಾರ 2021ರಲ್ಲಿ ದೇಶಕ್ಕೆಲ್ಲ 88, ಆಯೋಗದ ಪ್ರಕಾರ 2021-22ರಲ್ಲಿ 175. ಒಂದು ಜನವರಿಯಿಂದ ಎಣಿಸುತ್ತದೆ, ಇನ್ನೊಂದು ಏಪ್ರಿಲ್‌ನಿಂದ, ನಿಜ. ಆದರೆ ಮೂರು ತಿಂಗಳ ಹೆಚ್ಚುಕಡಿಮೆಗೆ ಸಂಖ್ಯೆ ಇಮ್ಮಡಿಯಾಗುವುದಿಲ್ಲ.

ನನಗೆ ಇದಕ್ಕಿಂತ ಹೆಚ್ಚು ನೋವು ಕೊಡುವ ವಿಷಯ ಬೇರೆ. ಸತ್ತರೆ ಮಾತ್ರ ಈ ಲೆಕ್ಕಗಳಲ್ಲಿ ಒಂದು ಅಂಕಿಯಾಗುತ್ತೀರಿ. ಕೈ ಮುರಿದು, ಕಿವಿಯ ತಮಟೆ ಹರಿದು ಮನೆಗೆ ಬಂದವನು ಈ ಸಾವಿನ ಲೆಕ್ಕಗಳಿಗೆ ಸೇರುವುದಿಲ್ಲ. 2016ರ ಜುಲೈನಲ್ಲಿ ಮಹದಾಯಿ ಹೋರಾಟದ ವೇಳೆ ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಜನರನ್ನು ಹೊಡೆದದ್ದನ್ನು ರಾಜ್ಯವೆಲ್ಲ ಟಿವಿಯಲ್ಲಿ ನೋಡಿತು. ರಾಜ್ಯದ ಒಟ್ಟು ಮೊತ್ತ ಬರೆದ ಸಾಲಿನಲ್ಲಿ ಆ ಊರನ್ನು ಎಲ್ಲಿ ಹುಡುಕುತ್ತೀರಿ?

ಹಾಗಾಗಿ ನಿಮ್ಮ ಪಟ್ಟಿಯನ್ನು ನೀವೇ ಕಟ್ಟಬೇಕು. ಹಳೆಯ ಪತ್ರಿಕೆಗಳಿಂದ ಘಟನೆ ಆರಿಸಿ, ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಫೀ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಧಾರವಾಡ ಜಿಲ್ಲೆಗೆ ಅರ್ಜಿ ಎರಡು ಬೇಕು: ಹಳ್ಳಿ ಕಡೆಯ ಠಾಣೆಗಳಿಗೆ ಎಸ್‌ಪಿ ಕಚೇರಿ, ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಪೊಲೀಸ್ ಕಮಿಷನರ್ ಕಚೇರಿ. ಇದು ತಿಳಿಯದೆ ಅರ್ಧ ಜಿಲ್ಲೆಯನ್ನೇ ಬಿಟ್ಟವರಿದ್ದಾರೆ. ಹೆಸರು ಕೇಳಬೇಡಿ, ದಿನಾಂಕ, ಠಾಣೆ, ಹಾರಿದ ಗುಂಡು, ಗಾಯಗೊಂಡವರ ಸಂಖ್ಯೆ ಕೇಳಿ. ‘ತನಿಖೆ ನಡೆದಿದೆ’ ಎಂದಷ್ಟೇ ಬರೆದು ನಿರಾಕರಿಸಿದರೆ ಒಪ್ಪಿಕೊಳ್ಳಬೇಡಿ. ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಎಂಬುದನ್ನು ಅವರು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಹೇಳಿದೆ. ನಿರಾಕರಣೆ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಇನ್ನೊಂದು ಕಾಗದ ಇದೆ, ಕೇಳುವವರು ಕಡಿಮೆ. ಪೊಲೀಸ್ ಗುಂಡಿಗೆ ಆದ ಸಾವುಗಳ ಪಟ್ಟಿಯನ್ನು ಪ್ರತಿ ರಾಜ್ಯದ ಪೊಲೀಸ್ ಮುಖ್ಯಸ್ಥರಾದ ಡಿಜಿಪಿ ಜನವರಿ 15 ಮತ್ತು ಜುಲೈ 15ರೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಕಳಿಸಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಆದೇಶಿಸಿದೆ. ಅಂಥ ಸಾವಿನ ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯವರೇ ಮಾಡಬೇಕು ಎಂಬುದೂ ಅದೇ ತೀರ್ಪಿನಲ್ಲಿದೆ. 2025ರ ಏಪ್ರಿಲ್‌ನ ಹುಬ್ಬಳ್ಳಿ ಎನ್‌ಕೌಂಟರ್ ಸಿಐಡಿಗೆ ಹೋದದ್ದು ನಿಮಗೆ ನೆನಪಿರಬಹುದು. ‘ಆರೋಪಿ ಕಾಲಿಗೆ ಗುಂಡು’ ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಆ ಬಗೆಯ ತೀವ್ರ ಗಾಯಕ್ಕೂ ಸಾಧ್ಯವಾದಷ್ಟು ಇವೇ ನಿಯಮ.

ಪ್ರಶ್ನೆ (ಶಿಕ್ಷಕರು, ಹಾವೇರಿ): 2008ರ ಜೂನ್‌ನಲ್ಲಿ ನಮ್ಮೂರಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಹತ್ತು ವರ್ಷ ಅಂತ ಗೆರೆ ಎಳೆದರೆ ಅದು ಬಿಟ್ಟುಹೋಗುತ್ತದಲ್ಲ ಸರ್?

ಉತ್ತರ: ಬಿಡಬಾರದು ಗುರುಗಳೆ. 1980ರ ಜುಲೈ 21ರ ನರಗುಂದ–ನವಲಗುಂದ ಗೋಲಿಬಾರನ್ನೂ ಸೇರಿಸಿ ಹಳೆಯವುಗಳಿಗೆ ಬೇರೆ ಪಟ್ಟಿ ಮಾಡಲಿ. ವಿಚಾರಣಾ ಆಯೋಗ ನೇಮಕವಾದ ಘಟನೆಯಾದರೆ, ವರದಿ ಬಂದ ಆರು ತಿಂಗಳೊಳಗೆ ಅದನ್ನು ಸದನದಲ್ಲಿ ಮಂಡಿಸಬೇಕು ಎಂದು 1952ರ ಕಾಯ್ದೆ ಹೇಳುತ್ತದೆ.

ಪ್ರಶ್ನೆ (ಗೃಹಿಣಿ, ಹಳೇ ಹುಬ್ಬಳ್ಳಿ): ಅಣ್ಣಾರ, ನಮ್ಮ ತಮ್ಮನ್ನ ಮೊನ್ನೆ ಠಾಣೆಗೆ ಕರಕೊಂಡು ಹೋಗಿ ಬಿಟ್ಟು ಕಳಿಸ್ಯಾರ. ಬೆನ್ನೆಲ್ಲಾ ಬಾತೈತಿ. ಅಲ್ಲಿ ಕ್ಯಾಮೆರಾ ಅದಾವಂತ, ಆ ವಿಡಿಯೋ ನಮಗ ಕೊಡ್ತಾರೇನ್ರಿ?

ಉತ್ತರ: ಅಕ್ಕಾರ, ವಿಡಿಯೋ ಆಮೇಲೆ. ಇವತ್ತೇ ಕಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗ್ರಿ. ಬಿದ್ದೆ ಅಂತ ಹೇಳಬಾರದು; ಯಾವಾಗ, ಎಲ್ಲಿ, ಯಾತರಿಂದ ಹೊಡೆದರು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂಎಲ್‌ಸಿ, ಅಂದರೆ ಕಾನೂನು ಪ್ರಕರಣಕ್ಕೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ, ಬರೆಸಲಿ. ಬಾವು ಇಳಿಯುವ ಮೊದಲು ಫೋಟೋ ತೆಗೆದಿಡಿ. ಠಾಣೆಯ ಕ್ಯಾಮೆರಾ ದೃಶ್ಯವನ್ನು 18 ತಿಂಗಳು, ಅದು ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ಆದರೆ ಕ್ಯಾಮೆರಾಗಳು ಕೆಟ್ಟು ನಿಂತಿರುವ ವಿಷಯವನ್ನು ಅದೇ ನ್ಯಾಯಾಲಯ 2025ರಲ್ಲಿ ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು. ಅದಕ್ಕೇ ದಿನ ಮತ್ತು ವೇಳೆ ನಮೂದಿಸಿ, ‘ಈ ದೃಶ್ಯ ಅಳಿಸದೆ ಕಾಯ್ದಿಡಿ’ ಎಂದು ಕಮಿಷನರ್ ಕಚೇರಿಗೆ ನಾಳೆಯೇ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ದೂರು ಹೋಗಬೇಕು. ಕಾಗದ ಬರೆಯಲು ತೊಂದರೆಯಾದರೆ ನನಗೆ ಮೆಸೇಜ್ ಹಾಕಿ, ನಾನು ಬರೆದುಕೊಡುತ್ತೇನೆ, ಫೀ ಏನೂ ಬೇಡ.

ಅನಿಸಿಕೆ (ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಗದಗ): ವಕೀಲ ಸಾಹೇಬ್ರ, ಪೊಲೀಸರಿಗೆ ಕಲ್ಲು ಬಿದ್ದದ್ದೂ ಆ ಪಟ್ಟಿಯೊಳಗ ಇರಲಿ. ಬಂದೋಬಸ್ತಿನಾಗ ತಲಿ ಒಡಕೊಂಡವರೂ ಅದಾರ. ಇನ್ನೊಂದು ಮಾತು: ಗುಂಡು ಹಾರಿದ್ರ ಸ್ಟೇಷನ್ ಡೈರಿಯೊಳಗ ಬರೀಬೇಕು, ಕಾಡತೂಸಿನ ಲೆಕ್ಕಾನೂ ಕೊಡಬೇಕು. ಆ ಹುಡುಗಿ ಅದನ್ನ ಕೇಳ್ಲಿ.

ಉತ್ತರ: ನೀವು ಹೇಳಿದ್ದು ಸರಿ ಸಾಹೇಬ್ರ. ಎದುರಿಗಿದ್ದವರ ಕೈಯಲ್ಲಿ ಏನಿತ್ತು, ಪೊಲೀಸರಿಗೆ ಗಾಯವಾಯಿತೇ ಎಂಬ ಎರಡು ಕಲಂ ಇಲ್ಲದಿದ್ದರೆ ಆ ಪಟ್ಟಿಯನ್ನು ಠಾಣೆಯವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ತಂಗಿ, ‘ಬಲಪ್ರಯೋಗದ ಮಾಹಿತಿ’ ಎಂದು ಕೇಳಿದರೆ ಅಂಥ ಕಡತವಿಲ್ಲ ಎಂದು ಉತ್ತರ ಬರಬಹುದು. ಪ್ರತಿ ವರ್ಷ ಯಾವ ಠಾಣೆಯಲ್ಲಿ ಎಷ್ಟು ಕಾಡತೂಸು ಖರ್ಚಾಯಿತು, ತರಬೇತಿಗೆ ಎಷ್ಟು, ಉಳಿದದ್ದು ಯಾತಕ್ಕೆ ಎಂದು ಕೇಳಿ. ಮೊದಲ ಅರ್ಜಿ ಅದೇ ಇರಲಿ.