ಸಹಾಯ ಬೇಕು: ಕಪ್ಪು ಕಾರಿನ ಬಾನೆಟ್ ಮ್ಯಾಲ ಬೋರ್ ನೀರಿನ ಉಂಗುರ

ಅಣ್ಣಾರ, ಕಲಬುರಗಿ ಬೋರ್ ನೀರಿನಾಗ ಸುಣ್ಣದಂಶ ಜಾಸ್ತಿ. ಹನಿ ಬಿಸಿಲಿಗೆ ಆರಿದ್ರ ಬಿಳಿ ಉಂಗುರ ಕೂಡ್ತದ. ವಿನೆಗರ್‌ಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ, ನೆರಳಾಗ ಒಂದೆರಡು ನಿಮಿಷ ಬಿಟ್ಟು ತೊಳೆದಾಯ್ತು, ಕ್ಲೇ ಬಾರ್ (ಪೇಂಟ್ ಮ್ಯಾಲ ಅಂಟಿದ ಕೊಳೆ ಎಳೆಯೋ ಜೇಡಿಯಂಥ ಮುದ್ದೆ) ಉಜ್ಜಿದ್ದೂ ಆಯ್ತು. ಸುಣ್ಣ ಹೋಗ್ಯದ, ಗುರುತು ಹೋಗಿಲ್ಲ. ಅಂದ್ರ ಸುಣ್ಣ ಕ್ಲಿಯರ್ ಕೋಟನ್ನ (ಬಣ್ಣದ ಮ್ಯಾಲಿನ ಪಾರದರ್ಶಕ ಪದರ) ಕೊರೆದದ, ವ್ಯಾಕ್ಸ್‌ನಿಂದ ಮುಚ್ಚಂಗಿಲ್ಲ, ಪಾಲಿಶೇ ಬೇಕು.

ಡಿಎ ಪಾಲಿಶರ್ (ತಿರುಗುತ್ತಾ ಅಲುಗಾಡೋ ಪಾಲಿಶ್ ಮಷೀನ್), 5 ಇಂಚಿನ ಫೋಮ್ ಪ್ಯಾಡ್ ಅದಾವ. 2 ಅಡಿ ಚೌಕಕ್ಕ ಬಟಾಣಿಯಷ್ಟು 4 ಹನಿ ಪಾಲಿಶ್ ಸಾಕು. ತಗಡು ಕಾದಿದ್ರ ಪಾಲಿಶ್ ಒಣಗಿ ಹೊಸ ಗೀರು ಬೀಳ್ತಾವ, ಅದಕ್ಕ ಬೆಳಗ್ಗೆ ತಂಪಿನಾಗ ಮಾಡೋದು.

ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಷ್ಟೇ, ಪಾಲಿಶ್ ಮಾಡಿದ್ರ ಅದು ಸವೀತದ. ಅಳೀದೆ ಉಜ್ಜೋದು ಸರಿಯಲ್ಲ, ಅದೂ ಅಂಚಿನಾಗ. ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾ, ರಿಂಗ್ ರೋಡ್ ಕಡೆ ಪೇಂಟ್ ದಪ್ಪ ಅಳೆಯೋ ಮೀಟರ್ ಒಂದು ದಿನದ ಮಟ್ಟಿಗೆ ಬಾಡಿಗೆಗೆ ಸಿಗ್ತದೇನ್ರಿ? ಗೊತ್ತಿದ್ದವರು ತಿಳಿಸ್ರಿ.